ಬೈಲಾ ತಿದ್ದೋದಾದ್ರೆ ಮೊದಲು ಯಾವುದು?

ನಗರಸಭೆ ಅಂದ ಕೂಡಲೇ ನಮಗೆ ನೆನಪಾಗೋದು ಅಧ್ಯಕ್ಷಗಿರಿ ಜಗಳ, ಮೀಸಲಾತಿ ಪಟ್ಟಿ, ವಿಪ್ ಉಲ್ಲಂಘನೆ. ಆದರೆ ಮನೆ ಮುಂದಿನ ಕಸ, ಬಸ್ ನಿಲ್ದಾಣದ ಎದುರಿನ ಹಣ್ಣಿನ ಬಂಡಿ, ಪಕ್ಕದವರು ಎಬ್ಬಿಸುತ್ತಿರುವ ಮೂರನೇ ಮಹಡಿ, ಇವೆಲ್ಲಾ ಬಂದು ನಿಲ್ಲೋದು ಬೈಲಾ ಹತ್ತಿರ. ಬೈಲಾ ಅಂದ್ರೆ ಉಪವಿಧಿ. ವಿಧಾನಸೌಧ ಮಾಡಿದ ಕಾನೂನನ್ನು ನಿಮ್ಮ ಬೀದಿಗೆ ಇಳಿಸೋ ಸಣ್ಣ ಅಕ್ಷರದ ನಿಯಮ.

ಬೀದರ್ ಜಿಲ್ಲೆಯ ಎರಡು ಊರುಗಳನ್ನೇ ತಗೊಳ್ಳಿ. 2011ರ ಜನಗಣತಿಯಲ್ಲಿ ಬಸವಕಲ್ಯಾಣದ ಜನಸಂಖ್ಯೆ 70 ಸಾವಿರದ ಹತ್ತಿರ, ಹುಮನಾಬಾದ್‌ನದು 44 ಸಾವಿರದಷ್ಟು. 50 ಸಾವಿರದ ಗೆರೆ ದಾಟಿದ್ದಕ್ಕೆ ಅಲ್ಲಿ ನಗರಸಭೆ, ಇಲ್ಲಿ ಪುರಸಭೆ. ಅಲ್ಲಿ ಪೌರಾಯುಕ್ತರು, ಇಲ್ಲಿ ಮುಖ್ಯಾಧಿಕಾರಿ. ಕಾನೂನು ಮಾತ್ರ ಒಂದೇ: ಕರ್ನಾಟಕ ಪೌರಸಭೆಗಳ ಕಾಯ್ದೆ, 1964. ಅದಕ್ಕೂ ಮುಂಚೆ ಈ ಭಾಗದಲ್ಲಿ ಹೈದರಾಬಾದ್ ರಾಜ್ಯದ ಕಾಯ್ದೆ ನಡೀತಿತ್ತು. ಕರಡು ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು, ಸಭೆಯಲ್ಲಿ ಒಪ್ಪಬೇಕು, ಸರ್ಕಾರದ ಅನುಮೋದನೆ ಪಡೀಬೇಕು. ಒಂದು ಬೈಲಾ ಇಷ್ಟೆಲ್ಲಾ ಮೆಟ್ಟಿಲು ಹತ್ತಬೇಕು. ಸಭೆಯ ಅವಧಿ ಐದು ವರ್ಷ, ಅಧ್ಯಕ್ಷರದು ಎರಡೂವರೆ. ಎಲ್ಲವನ್ನೂ ಒಟ್ಟಿಗೆ ತಿದ್ದೋಕಾಗಲ್ಲ. ಹಾಗಾಗಿ ಸರದಿ ಅನ್ನೋದೇ ರಾಜಕೀಯ.

ಇಂಜಿನಿಯರಿಂಗ್ ಓದುವಾಗ ನಮಗೆ ಹೇಳಿಕೊಟ್ಟಿದ್ದು ಸರಳ: ಯಾವ ಕೆಲಸ ಯಾವುದರ ಮೇಲೆ ನಿಂತಿದೆ ನೋಡಿ, ಕೆಳಗಿನದ್ದನ್ನು ಮೊದಲು ಮುಗಿಸಿ. ನಮ್ಮ ಪೌರಸಭೆಗಳ ಲೆಕ್ಕ ಬೇರೆ. ಯಾವುದರಿಂದ ಶುಲ್ಕ ಬರುತ್ತೆ, ಯಾರು ಜೋರಾಗಿ ಕೇಳ್ತಾರೆ ಅನ್ನೋದರ ಮೇಲೆ ಸರದಿ ನಿಲ್ಲುತ್ತೆ. ಕಟ್ಟಡದ ಬೈಲಾ ಮುಂದೆ ಬರೋದು ಹೀಗೇ. ಬಸವಕಲ್ಯಾಣದಲ್ಲಿ 2021ರಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಆಯ್ತು. ಯಾತ್ರಿಕರು ಹೆಚ್ಚಿದಂತೆ ಲಾಡ್ಜು, ಪಾರ್ಕಿಂಗ್, ಕೋಟೆ ಸುತ್ತಲಿನ ಕಟ್ಟಡಗಳ ಪ್ರಶ್ನೆ ಬಂದೇ ಬರುತ್ತೆ, ಒಪ್ಪೋಣ. ಆದರೆ ಎಷ್ಟು ಜಾಗ ಬಿಡಬೇಕು, ಎಷ್ಟು ಎತ್ತರ ಕಟ್ಟಬಹುದು ಅನ್ನೋದು ಬಹುಪಾಲು ರಾಜ್ಯದ ಮಾದರಿ ನಿಯಮ ಮತ್ತು 1961ರ ನಗರ ಯೋಜನಾ ಕಾಯ್ದೆಯಿಂದಲೇ ಬರೋದು. ಸ್ಥಳೀಯ ಸಭೆಯ ಕೈಲಿ ಇರೋದು ಕಮ್ಮಿ.

ನನ್ನ ಪಟ್ಟಿಯಲ್ಲಿ ಮೊದಲು ಬರೋದು ಬೀದಿಬದಿ ವ್ಯಾಪಾರ. ಹುಮನಾಬಾದ್ ಹೆದ್ದಾರಿಗಳು ಕೂಡುವ ಊರು. ಬಸವಕಲ್ಯಾಣದಲ್ಲಿ ಆಟೋನಗರದ ಲಾರಿ ಕೆಲಸ ಇದೆ. ಚಹಾ, ಮಿರ್ಚಿ ಭಜ್ಜಿ, ಹಣ್ಣಿನ ಬಂಡಿಗಳಿಲ್ಲದೆ ಎರಡೂ ಊರು ಒಂದು ದಿನ ನಡೆಯಲ್ಲ. 2014ರ ಕೇಂದ್ರ ಕಾಯ್ದೆ ಸ್ಪಷ್ಟವಾಗಿದೆ: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಗುರುತಿಸಿದ ಎಲ್ಲರಿಗೂ ಜಾಗ ಒದಗಿಸಬೇಕು. ಲೆಕ್ಕ ಹಾಕಿ: 2011ರ ಸಂಖ್ಯೆಯಲ್ಲೇ ಬಸವಕಲ್ಯಾಣಕ್ಕೆ ಸುಮಾರು 1,740 ಮಂದಿ, ಹುಮನಾಬಾದ್‌ಗೆ ಸುಮಾರು 1,100. ಈಗ ಇನ್ನೂ ಹೆಚ್ಚು.

ಯಾವ ರಸ್ತೆಯಲ್ಲಿ, ಯಾವ ಹೊತ್ತಿಗೆ, ಎಷ್ಟು ಶುಲ್ಕಕ್ಕೆ ವ್ಯಾಪಾರ ಅನ್ನೋದು ಸ್ಥಳೀಯವಾಗಿಯೇ ತೀರ್ಮಾನ ಆಗಬೇಕು. ಬರೆದ ನಿಯಮ ಇಲ್ಲದಿದ್ದರೆ ತೀರ್ಮಾನ ಮಾಡೋದು ಲಾಠಿ ಹಿಡಿದವರು, ಇಲ್ಲವೇ ದಿನಕ್ಕಿಷ್ಟು ಅಂತ ವಸೂಲಿ ಮಾಡೋರು. 2020ರಲ್ಲಿ ಶುರುವಾದ ಪಿಎಂ ಸ್ವನಿಧಿಯ ಮೊದಲ 10,000 ರೂಪಾಯಿ ಸಾಲಕ್ಕೂ ಪೌರಸಭೆಯ ಪ್ರಮಾಣಪತ್ರವನ್ನೋ ಶಿಫಾರಸು ಪತ್ರವನ್ನೋ ಹಿಡಿದು ಹೋಗಬೇಕಿತ್ತು. ಹೆಸರು ಪಟ್ಟಿಯಲ್ಲಿಲ್ಲ ಅಂದ್ರೆ ಬ್ಯಾಂಕಿನ ಬಾಗಿಲೂ ಇಲ್ಲ.

ಎರಡನೇದು ಕಸ. 2016ರ ಘನತ್ಯಾಜ್ಯ ನಿಯಮಗಳು ಒಂದು ವರ್ಷದೊಳಗೆ ಬೈಲಾ ಮಾಡಿ ಅಂತ ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಬೇರ್ಪಡಿಸೋದು, ಬಳಕೆದಾರರ ಶುಲ್ಕ, ದಂಡ, ಮೂರೂ ಅದರಲ್ಲಿದ್ದವು. ಇದನ್ನು ಎರಡನೇದಾಗಿ ಇಡೋಕೆ ಕಾರಣವೂ ಅದೇ ಲೆಕ್ಕ. ಬಂಡಿ ಎಲ್ಲಿ ನಿಲ್ಲುತ್ತೆ ಅಂತ ತೀರ್ಮಾನ ಆಗದೆ ಮಾರುಕಟ್ಟೆಯ ಹಸಿಕಸ ಎತ್ತೋ ಗಾಡಿಗೆ ದಾರಿ ಹಾಕೋದು ಹೇಗೆ? ಬೈಲಾದಲ್ಲಿ ಶುಲ್ಕದ ಪುಟ ಮಾತ್ರ ಜಾರಿಯಾಗಿ, ಪೌರಕಾರ್ಮಿಕರ ಗ್ಲೌಸು, ಗಾಡಿಯ ವೇಳೆಯ ಪುಟ ಹಾಗೇ ಉಳಿಯೋ ಅಪಾಯವಂತೂ ಇದ್ದೇ ಇದೆ. ಬೀದಿನಾಯಿ, ಫ್ಲೆಕ್ಸು, ಜಾಹೀರಾತು ಇವೆಲ್ಲಾ ಆಮೇಲೆ.

ಇನ್ನು ನೀವು ಮಾಡಬಹುದಾದ್ದು. ವ್ಯಾಪಾರ ಸಮಿತಿ ರಚನೆ ಆಗಿದೆಯಾ, ಕೊನೆಯ ಸಮೀಕ್ಷೆ ಯಾವ ವರ್ಷದ್ದು, ಎಷ್ಟು ಪ್ರಮಾಣಪತ್ರ ಕೊಟ್ಟಿದ್ದಾರೆ ಅಂತ ಒಂದು ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರಡು ಬೈಲಾ ಪ್ರಕಟವಾದಾಗ ಆಕ್ಷೇಪಣೆಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಹೋಗುವಾಗ ನಿಮ್ಮೂರಿನ ಬಂಡಿಯವರಲ್ಲಿ ಇಬ್ಬರನ್ನಾದರೂ ಜೊತೆಗೆ ಕರ್ಕೊಂಡು ಹೋಗಿ. ಯಾವ ಜಾಗದಲ್ಲಿ ಯಾವ ಹೊತ್ತಿಗೆ ಗಿರಾಕಿ ಬರ್ತಾರೆ ಅನ್ನೋದು ಗೊತ್ತಿರೋದು ಅವರಿಗೆ.