ಈ ರೇಡಿಯೊ ಹುಟ್ಟಿದ್ದು ಯಾವಾಗ?

ಹಳೆಯ ಸೇನಾ ರೇಡಿಯೊ ಸೆಟ್ಟೊಂದು ಗುಜರಿ ಅಂಗಡಿಗೆ ಬಂದರೆ ಅದರ ಹಿಂದೆ ಕಾಗದಪತ್ರ ಬರುವುದಿಲ್ಲ, ಒಂದು ಮಾತು ಮಾತ್ರ ಬರುತ್ತದೆ: ‘ಸೆಕೆಂಡ್ ವರ್ಲ್ಡ್ ವಾರ್ ಪೀಸು ಸಾರ್.’ ಕಪ್ಪು ಬಣ್ಣ, ದಪ್ಪ ನಾಬ್‌ಗಳು, ಎತ್ತಲಾಗದ ತೂಕ ಇಷ್ಟಿದ್ದರೆ ಎಲ್ಲವೂ ಎರಡನೇ ಮಹಾಯುದ್ಧದ್ದೇ. ಕೊಳ್ಳುವವರಿಗೂ ಆ ಮಾತು ಇಷ್ಟ. ಆದರೆ ಇಂಥ ಸೆಟ್ಟು ಯಾವುದು, ಯಾವಾಗ ತಯಾರಾಯಿತು, ಎಲ್ಲೆಲ್ಲಿ ದುಡಿಯಿತು ಎಂದು ಪತ್ತೆ ಮಾಡುವುದು ಜಗತ್ತಿನ ಹಲವು ಕಡೆ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು), ಸಂಗ್ರಹಕಾರರು, ವಸ್ತುಸಂಗ್ರಹಾಲಯದವರು ಸೇರಿ ಬೆಳೆಸಿದ ಒಂದು ಕಸುಬು. ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ; ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳನ್ನು ಹಿಡಿದು ಸುಮಾರು ಕ್ರಿ.ಶ. 450 ಎಂದು ವಿದ್ವಾಂಸರು ಲೆಕ್ಕ ಹಾಕಿದರು. ರೇಡಿಯೊ ಪತ್ತೆದಾರರದೂ ಹೆಚ್ಚುಕಡಿಮೆ ಅದೇ ದಾರಿ. ಅವರ ಅನುಭವದಿಂದ ಹೊರಟ ಒಂದು ನಿಯಮವನ್ನು ಇಲ್ಲಿ ವಾದವಾಗಿ ಮುಂದಿಡಬಹುದು. ಸೆಟ್ಟಿನಲ್ಲಿ ಯಾವುದನ್ನು ಬದಲಿಸುವುದು ಸುಲಭವೋ ಅದು ದುರ್ಬಲ ಸಾಕ್ಷಿ, ಯಾವುದನ್ನು ಬದಲಿಸಬೇಕಾದರೆ ಇಡೀ ಸೆಟ್ಟನ್ನೇ ಬಿಚ್ಚಿ ಹಾಕಬೇಕೋ ಅದೇ ಬಲವಾದ ಸಾಕ್ಷಿ. ಎಲ್ಲರೂ ಮೊದಲು ನೋಡುವ ನೇಮ್‌ಪ್ಲೇಟು, ದುರದೃಷ್ಟವಶಾತ್, ನಾಲ್ಕು ಸ್ಕ್ರೂಗಳಲ್ಲಿ ಕಳಚಿ ಬರುತ್ತದೆ.

ಹಾಗೆಂದು ನೇಮ್‌ಪ್ಲೇಟನ್ನು ಓದಬಾರದೆಂದಲ್ಲ. ಅಮೆರಿಕದ ಸೇನೆಯ ಹಳೆಯ ಹೆಸರಿಡುವ ಪದ್ಧತಿಯಲ್ಲಿ ‘ಎಸ್‌ಸಿಆರ್’ ಎಂದರೆ ಪೂರ್ತಿ ಸೆಟ್ಟು, ‘ಬಿಸಿ’ ಎಂದರೆ ಅದರೊಳಗಿನ ಒಂದು ಘಟಕ. ಬಾಂಬರ್ ವಿಮಾನಗಳಲ್ಲಿದ್ದ ಬಿಸಿ-348 ರಿಸೀವರ್ ಮತ್ತು ಬಿಸಿ-375 ಟ್ರಾನ್ಸ್‌ಮಿಟರ್ ಕೂಡಿದರೆ ಎಸ್‌ಸಿಆರ್-287. 1943ರಿಂದ ಭೂಸೇನೆ, ನೌಕಾಸೇನೆ ಎರಡಕ್ಕೂ ಒಂದೇ ಪದ್ಧತಿ ಬಂತು. ‘ಎಎನ್’ ಎಂದು ಶುರುವಾಗಿ, ಓರೆಗೆರೆ ಎಳೆದು, ಆಮೇಲೆ ಮೂರು ಅಕ್ಷರ. ಮೊದಲನೆಯದು ಸೆಟ್ಟು ಎಲ್ಲಿ ಕೂರುತ್ತದೆ ಎಂದೂ ಎರಡನೆಯದು ಅದು ಏನು ಎಂದೂ ಮೂರನೆಯದು ಏನು ಕೆಲಸ ಮಾಡುತ್ತದೆ ಎಂದೂ ಹೇಳುತ್ತದೆ. ಆರ್-390ಎ/ಯುಆರ್‌ಆರ್ ಎಂಬ ಪ್ರಸಿದ್ಧ ರಿಸೀವರಿನ ಬಾಲದಲ್ಲಿರುವ ಮೂರು ಅಕ್ಷರಗಳೂ ಇದೇ ಲೆಕ್ಕದವು: ಎಲ್ಲಿ ಬೇಕಾದರೂ ಬಳಸಬಹುದಾದ, ರೇಡಿಯೊ, ಕೇಳಿಸಿಕೊಳ್ಳುವ ಉಪಕರಣ. ಬ್ರಿಟಿಷರ ಕಡೆ ವಾಯುಪಡೆಯ ಸಾಮಾನಿನ ಮೇಲೆ ಕಿರೀಟ ಮತ್ತು ‘ಎ.ಎಂ.’ (ಏರ್ ಮಿನಿಸ್ಟ್ರಿ) ಮುದ್ರೆ, ಉಗ್ರಾಣದ ಸಂಖ್ಯೆ. ಲ್ಯಾಂಕಾಸ್ಟರ್ ಬಾಂಬರಿನ ಆರ್1155 ರಿಸೀವರಿಗೆ 10ಡಿ/98 ಎಂಬ ಸಂಖ್ಯೆ ಇತ್ತು. ಭೂಸೇನೆಯ ಸಾಮಾನಿಗೆ ಅಗಲ ಬಾಣದ ಗುರುತು. ಅದೇ ಬಾಣ ‘ಸಿ’ ಅಕ್ಷರದೊಳಗೆ ಕೂತಿದ್ದರೆ ಕೆನಡಾ, ಎರಡು ‘ಡಿ’ಗಳ ನಡುವೆ ಇದ್ದರೆ ಆಸ್ಟ್ರೇಲಿಯಾ. ಕಿರೀಟವೂ ಮಾತಾಡುತ್ತದೆ. ಅದರ ಕಮಾನು ಮೇಲೆ ದುಂಡಗಿದ್ದರೆ ರಾಜರ ಕಾಲದ್ದು. ನಡುವೆ ಕುಸಿದಂತಿದ್ದರೆ ಎಲಿಜಬೆತ್ ರಾಣಿಯ ಕಾಲದ್ದು, ಅಂದರೆ 1950ರ ದಶಕದ ಆರಂಭದಿಂದ ಈಚಿನದು. ‘ವಾರ್ ಪೀಸು’ ಎಂಬ ಮಾತು ಎಷ್ಟೋ ಸಲ ಈ ಒಂದು ಕಮಾನಿನಲ್ಲೇ ಬಿದ್ದುಹೋಗುತ್ತದೆ. ಇನ್ನೊಂದು ಸುಲಭದ ಗುರುತು ಉದ್ದನೆಯ ಸಾಮಾನು ಸಂಖ್ಯೆ. 5820 ಎಂದು ಶುರುವಾಗುವುದು ರೇಡಿಯೊ ವರ್ಗದ್ದು. ಅಮೆರಿಕದ ಪಟ್ಟಿಯಲ್ಲಿ ಅದು ಮೊದಲು 11 ಅಂಕಿಯದಾಗಿತ್ತು, 1974ರಲ್ಲಿ ದೇಶವನ್ನು ಸೂಚಿಸುವ ಎರಡು ಅಂಕಿ ಸೇರಿ 13 ಆಯಿತು. 5820-00 ಎಂದು ಮುದ್ರಿಸಿದ ಫಲಕವನ್ನು 1944ರದೆಂದು ಯಾರಾದರೂ ಮಾರುತ್ತಿದ್ದರೆ ಮುಂದಕ್ಕೆ ಮಾತು ಬೇಡ.

ಹೀಗಿರುವಾಗ ಫಲಕವನ್ನೇ ನಂಬಿದರಾಗದೇ ಎಂಬುದು ಮೊದಲ ಆಕ್ಷೇಪ. ಸೇನೆಯೇ ಹಚ್ಚಿದ ಫಲಕ, ಆರ್ಡರ್ ನಂಬರ್ ಸಹಿತ ಇದೆ, ಕೊನೆಯಲ್ಲಿ ಇಸವಿಯ ಎರಡಂಕಿಯೂ ಇದೆ, ಇನ್ನೇನು ಬೇಕು? ಅಮೆರಿಕದ ಫಲಕಗಳಲ್ಲಿ ಒಂದು ಸಂಖ್ಯೆ, ನಡುವೆ ಖರೀದಿ ಕಚೇರಿಯ ಸಂಕೇತ (ರೈಟ್ ಫೀಲ್ಡ್‌ಗೆ ಡಬ್ಲ್ಯೂಎಫ್, ಫಿಲಡೆಲ್ಫಿಯಾಕ್ಕೆ ಫಿಲಾ), ಆಮೇಲೆ 42 ಅಥವಾ 51 ಎಂಬ ಅಂಕಿ ಇರುವುದು ನಿಜ. ಆದರೆ ಆ ಅಂಕಿ ಬೇಡಿಕೆ ಕೊಟ್ಟ ಹಣಕಾಸು ವರ್ಷದ್ದು, ಸೆಟ್ಟು ತಯಾರಾದ ವರ್ಷದ್ದಲ್ಲ. ಆಗ ಅಮೆರಿಕದ ಹಣಕಾಸು ವರ್ಷ ಜುಲೈ ಒಂದಕ್ಕೆ ಶುರುವಾಗುತ್ತಿತ್ತು. ಹಾಗಾಗಿ ‘42’ ಎಂದಿರುವ ಬೇಡಿಕೆ 1941ರ ಜುಲೈಯಲ್ಲೇ, ಪರ್ಲ್ ಹಾರ್ಬರ್ ದಾಳಿಗೂ ಮುಂಚೆ ಹೋಗಿರಬಹುದು. ಸರಕು ಮಾತ್ರ ಕಂತು ಕಂತಾಗಿ ಮುಂದಿನ ವರ್ಷದವರೆಗೂ ಬಂದಿರಬಹುದು. ಮಾದರಿಯ ಕೊನೆಯ ಅಕ್ಷರವನ್ನು ಹಿಡಿದು ಹಿಂದುಮುಂದು ಎಣಿಸುವವರೂ ಇದ್ದಾರೆ. ಬಿಸಿ-348ರಲ್ಲಿ ಆ ಅಕ್ಷರ ಬಹುಮಟ್ಟಿಗೆ ತಯಾರಕರನ್ನು ಸೂಚಿಸುತ್ತದೆ: ಜೆ, ಎನ್, ಕ್ಯೂ ಮಾಡಿದ್ದು ವೆಲ್ಸ್-ಗಾರ್ಡನರ್, ಆರ್ ಬಂದದ್ದು ಬೆಲ್ಮಾಂಟ್‌ನಿಂದ. ಅಕ್ಷರಮಾಲೆಯ ಕ್ರಮವನ್ನು ಕಾಲದ ಕ್ರಮ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆರ್-390ಎ ವಿಷಯದಲ್ಲಂತೂ ಫಲಕದ ಬೆಲೆ ಇನ್ನೂ ಕಡಿಮೆ. 26 ವಾಲ್ವುಗಳ, ನಲವತ್ತು ಕಿಲೋಗೆ ಸ್ವಲ್ಪವೇ ಕಡಿಮೆ ತೂಗುವ ಆ ಯಂತ್ರವನ್ನು ಬಿಡಿ ಬಿಡಿ ಘಟಕಗಳಾಗಿಯೇ ವಿನ್ಯಾಸ ಮಾಡಿದ್ದರು. ಒಂದು ಘಟಕ ಕೆಟ್ಟರೆ ಎಳೆದು ಹಾಕಿ ಬೇರೆಯದನ್ನು ಕೂರಿಸುತ್ತಿದ್ದರು. ಇವತ್ತು ಸಿಗುವ ಒಂದೇ ಸೆಟ್ಟಿನಲ್ಲಿ ಮುಂದಿನ ಫಲಕ ಮೊಟೊರೊಲಾದ್ದು, ಒಳಗಿನ ಒಂದು ಘಟಕ ಕಾಲಿನ್ಸ್‌ನದು, ಇನ್ನೊಂದು ಸ್ಟೀವರ್ಟ್-ವಾರ್ನರ್‌ದು ಇರುವುದು ಮಾಮೂಲು. ಫಲಕ ಅಲ್ಲಿ ತನ್ನ ಹಿಂದಿರುವ ತಗಡಿಗೆ ಮಾತ್ರ ಸಾಕ್ಷಿ ಹೇಳಬಲ್ಲದು.

ಆದ್ದರಿಂದ ಮುಚ್ಚಳ ತೆಗೆಯಲೇಬೇಕು. ಬಿಸಿ-348ನ್ನೇ ಹತ್ತಿರದಿಂದ ನೋಡೋಣ. 200ರಿಂದ 500 ಕಿಲೋಹರ್ಟ್ಸ್, ಆಮೇಲೆ 1.5ರಿಂದ 18 ಮೆಗಾಹರ್ಟ್ಸ್ ತನಕ ಕೇಳುವ, ವಿಮಾನದ 28 ವೋಲ್ಟಿನಲ್ಲಿ ನಡೆಯುವ ರಿಸೀವರ್ ಇದು. ಒಂದು ಲಕ್ಷಕ್ಕೂ ಮೀರಿ ತಯಾರಾದವು. ಒಳಗೆ ಮೊದಲು ಕಣ್ಣಿಗೆ ಬೀಳುವುದು ವಾಲ್ವುಗಳು. ಅವುಗಳಲ್ಲಿ ಕೆಲವಕ್ಕೆ ನೆತ್ತಿಯ ಮೇಲೆ ಲೋಹದ ಟೊಪ್ಪಿಗೆ, ಅದಕ್ಕೆ ಕಚ್ಚಿಕೊಂಡ ತಂತಿ ಇದ್ದರೆ ಅದು 6ಕೆ7 ಬಳಸಿದ ಹಳೆಯ ವಿನ್ಯಾಸ. ನೆತ್ತಿ ಬೋಳಾಗಿದ್ದು 6ಎಸ್‌ಕೆ7 ಕೂತಿದ್ದರೆ ವೆಲ್ಸ್-ಗಾರ್ಡನರ್ ಮಾಡಿದ ಜೆ, ಎನ್, ಕ್ಯೂ ಗುಂಪಿನದು. ಹೊರಗಿನ ಫಲಕ ‘ಆರ್’ ಎಂದು ಹೇಳಿ ಒಳಗೆ ಬೋಳು ನೆತ್ತಿಯ ವಾಲ್ವುಗಳಿಗೆಂದೇ ಮಾಡಿದ ಚಾಸಿಸ್ (ಭಾಗಗಳನ್ನು ಕೂರಿಸುವ ಲೋಹದ ಚೌಕಟ್ಟು) ಇದ್ದರೆ, ಸುಳ್ಳು ಹೇಳುತ್ತಿರುವುದು ಫಲಕವೇ. ಏಕೆಂದರೆ ಚಾಸಿಸ್ ಬದಲಿಸುವುದೆಂದರೆ ಬೇರೆಯದೇ ಸೆಟ್ಟು ಕಟ್ಟಿದಂತೆ. ವಾಲ್ವಿನ ಮೇಲಿನ ಬರಹಕ್ಕೂ ಕಾಲದ ಗುರುತಿದೆ. ಇದೇ 6ಎಸ್‌ಕೆ7ಗೆ ಅಮೆರಿಕದ ಸೇನೆಯ ಸಿಗ್ನಲ್ ಕೋರ್ ಕೊಟ್ಟ ಹೆಸರು ವಿಟಿ-117; ಯುದ್ಧದ ನಡುವೆ ‘ಜೆಎಎನ್’ ಎಂಬ ಮುಂಬರಹ ಬಂದು ವಿಟಿ ಸಂಖ್ಯೆ ಹಿಂದಕ್ಕೆ ಸರಿಯಿತು. ಬ್ರಿಟಿಷ್ ವಾಯುಪಡೆಯ ವಿಆರ್100 ಎಂಬ ವಾಲ್ವು ಮೂರೂ ಸೇನೆಗಳಿಗೆ ಒಂದೇ ಪಟ್ಟಿ ಮಾಡಿದಾಗ ಸಿವಿ1100 ಆಯಿತು. ಹಳೆಯ ಸಂಖ್ಯೆಗೆ ಸಾವಿರ ಕೂಡಿಸಿದರೆ ಹೊಸದು ಸಿಗುತ್ತದೆ. ಆದರೆ ವಾಲ್ವು ಸಾಕೆಟ್ಟಿನಿಂದ ಒಂದೇ ಎಳೆತಕ್ಕೆ ಹೊರಬರುವ ವಸ್ತು. ನಮ್ಮ ನಿಯಮದ ಪ್ರಕಾರ ಅದರ ಸಾಕ್ಷ್ಯ ತೀರ ಹಗುರ.

ಭಾರದ ಸಾಕ್ಷಿಗಳು ಚಾಸಿಸ್ಸನ್ನು ಮಗುಚಿದಾಗ ಸಿಗುತ್ತವೆ. ಅಮೆರಿಕದಲ್ಲಿ ತಯಾರಾದ ವಾಲ್ಯೂಮ್ ಕಂಟ್ರೋಲು, ಟ್ರಾನ್ಸ್‌ಫಾರ್ಮರ್ ಮುಂತಾದ ಎಷ್ಟೋ ಬಿಡಿಭಾಗಗಳ ಮೈಮೇಲೆ ಆರೇಳು ಅಂಕಿಗಳ ಸಾಲೊಂದು ಇರುತ್ತದೆ. ಮೊದಲ ಮೂರು ಅಂಕಿ ತಯಾರಕರದು: 137 ಅಂದರೆ ಸಿಟಿಎಸ್, 304 ಅಂದರೆ ಸ್ಟ್ಯಾಕ್‌ಪೋಲ್, 274 ಅಂದರೆ ಆರ್‌ಸಿಎ. ಮುಂದಿನ ಒಂದೋ ಎರಡೋ ಅಂಕಿ ಇಸವಿ, ಕೊನೆಯ ಎರಡು ವಾರ. 137445 ಎಂದಿದ್ದರೆ ಸಿಟಿಎಸ್ ಕಂಪನಿ, ನಾಲ್ಕರಲ್ಲಿ ಮುಗಿಯುವ ವರ್ಷದ 45ನೇ ವಾರ. ಅದು 1944ರದೋ 1954ರದೋ? ಅಂಕಿ ತಾನಾಗಿ ಹೇಳುವುದಿಲ್ಲ. ಅಕ್ಕಪಕ್ಕದ ಭಾಗಗಳು ಹೇಳಬೇಕು. ಇಂಥ ಅಂಕಿಗಳನ್ನೆಲ್ಲ ಬರೆದಿಟ್ಟು ನೋಡಿದರೆ ಸಾಮಾನ್ಯವಾಗಿ ಒಂದೇ ಕಾಲದ ಸುತ್ತ ಗುಂಪುಗೂಡುತ್ತವೆ. ಮೂಲ ಭಾಗಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಸೆಟ್ಟು ಅದಕ್ಕಿಂತ ಹಿಂದೆ ತಯಾರಾಗಿರಲು ಸಾಧ್ಯವಿಲ್ಲ. ಇದೊಂದೇ ಈ ಕಸುಬಿನಲ್ಲಿ ಅಲುಗಾಡದ ತೀರ್ಮಾನ. ಉಳಿದದ್ದೆಲ್ಲ ಸಂಭವದ ಲೆಕ್ಕ.

ಇಲ್ಲೇ ಎರಡನೆಯ, ಹೆಚ್ಚು ತೂಕದ ಆಕ್ಷೇಪ ಏಳುತ್ತದೆ. ಎಂಬತ್ತು ವರ್ಷಗಳಲ್ಲಿ ಎಷ್ಟು ಕೈಗಳು ಎಷ್ಟು ಕಂಡೆನ್ಸರ್ ಬದಲಿಸಿವೆಯೋ! ‘ಮೂಲ ಭಾಗ’ ಎಂದು ಗುರುತಿಸುವುದು ಹೇಗೆ? ಗುರುತಿಸಲಾಗದಿದ್ದರೆ ಈ ಅಂಕಿಗಳ ಲೆಕ್ಕವೆಲ್ಲ ಮರಳಿನ ಮೇಲೆ ಕಟ್ಟಿದ್ದು. ಆಕ್ಷೇಪ ಸರಿ, ಉತ್ತರವೂ ಇದೆ. ಕಾರ್ಖಾನೆಯ ಬೆಸುಗೆಯಲ್ಲಿ ತಂತಿಯ ತುದಿಯನ್ನು ಕೊಂಡಿಗೆ ಸುತ್ತಿ ಬಿಗಿದು ಆಮೇಲೆ ಸೀಸ ಹರಿಸಿರುತ್ತಾರೆ. ರಿಪೇರಿಯವರು ಹಲವು ಸಲ ಹಳೆಯ ಭಾಗದ ಕಾಲನ್ನು ಕತ್ತರಿಸಿ, ಉಳಿದ ತುಂಡಿಗೇ ಹೊಸದನ್ನು ಅಂಟಿಸುತ್ತಾರೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ವಾರ್ನಿಶ್. ಬರ್ಮಾ, ಅಸ್ಸಾಂ, ಪೆಸಿಫಿಕ್ ದ್ವೀಪಗಳ ಮಳೆಗಾಡಿಗೆ ಬಂದ ಸೆಟ್ಟುಗಳು ಬೂಷ್ಟು ಹಿಡಿದು ಕೆಲಸ ನಿಲ್ಲಿಸತೊಡಗಿದಾಗ ಅಮೆರಿಕದ ಸೇನೆ ಒಳಭಾಗಕ್ಕೆಲ್ಲ ತೇವ ಮತ್ತು ಶಿಲೀಂಧ್ರ ತಡೆಯುವ ವಾರ್ನಿಶ್ ಸಿಂಪಡಿಸಿತು. ಕೆಲಸ ಮುಗಿದ ಮೇಲೆ ‘ಎಂಎಫ್‌ಪಿ’ ಎಂದು ಮುದ್ರೆ ಒತ್ತಿ ಅನೇಕ ಸಲ ತಾರೀಖನ್ನೂ ಹಾಕುತ್ತಿದ್ದರು. ಜೇನಿನ ಬಣ್ಣಕ್ಕೆ ತಿರುಗಿದ ಆ ಪೊರೆ ಒಂದು ಕೊಂಡಿಯಿಂದ ಇನ್ನೊಂದಕ್ಕೆ, ತಂತಿಯ ಮೇಲಿಂದ ರೆಸಿಸ್ಟರಿನ ಮೈಗೆ ಒಡಕಿಲ್ಲದೆ ಹರಿದಿದ್ದರೆ ಅದರಡಿಯಲ್ಲಿರುವುದೆಲ್ಲ ಮುದ್ರೆಯ ದಿನಕ್ಕಿಂತ ಹಿಂದಿನದು. ಪೊರೆ ಹರಿದು ಬೆಸುಗೆ ಬೆಳ್ಳಗೆ ಹೊಳೆಯುತ್ತಿದ್ದರೆ ಆ ಜಾಗಕ್ಕೆ ಆಮೇಲೆ ಕಾವು ತಗಲಿದೆ. ಬ್ರಿಟಿಷ್ ಸೆಟ್ಟುಗಳಲ್ಲಿ ಇನ್ನೊಂದು ಚೊಕ್ಕ ಪದ್ಧತಿ: ಒಂದರಿಂದ ಮುಂದಕ್ಕೆ ಅಂಕಿಗಳಿರುವ ಸಣ್ಣ ತಗಡು, ಒಂದೊಂದು ಮಾರ್ಪಾಡು ಮಾಡಿದಾಗಲೂ ಅದರ ಅಂಕಿಯನ್ನು ಹೊಡೆದುಹಾಕುತ್ತಿದ್ದರು. ರಿಪೇರಿ ಇಲ್ಲಿ ಸಾಕ್ಷಿಯನ್ನು ಅಳಿಸಿಲ್ಲ, ತನ್ನದೇ ಸಾಕ್ಷಿಯನ್ನು ಸೇರಿಸಿದೆ. ಹೀಗೆ ಒಂದು ಸೆಟ್ಟಿಗೆ ವಿನ್ಯಾಸದ ವರ್ಷ, ಬೇಡಿಕೆಯ ವರ್ಷ, ತಯಾರಿಯ ವರ್ಷ, ರಿಪೇರಿಯ ವರ್ಷಗಳು ಬೇರೆ ಬೇರೆಯಾಗೇ ಇರುತ್ತವೆ. ‘ಎಷ್ಟನೇ ಇಸವಿಯದು’ ಎಂದು ಒಂದೇ ಉತ್ತರ ಕೇಳುವವರಿಗೆ ಈ ಮಾತು ರುಚಿಸುವುದಿಲ್ಲ.

ಕಾಲ ಹೇಳುವುದಕ್ಕಿಂತ ಕಷ್ಟ ಅದು ಎಲ್ಲಿ ದುಡಿಯಿತು ಎಂದು ಹೇಳುವುದು. ಬ್ರಿಟಿಷ್ ಟ್ಯಾಂಕುಗಳ ವೈರ್‌ಲೆಸ್ ಸೆಟ್ ನಂ. 19 ಎಂಬುದರ ಕೆಲವು ಮಾದರಿಗಳ ಮುಖದ ಮೇಲೆ ಇಂಗ್ಲಿಷ್ ಜೊತೆಗೆ ರಷ್ಯನ್ ಲಿಪಿಯೂ ಇರುತ್ತದೆ. ಕೆಂಪುಸೇನೆಯ ಟ್ಯಾಂಕಿನಿಂದ ಬಿಚ್ಚಿದ್ದು ಎಂದು ಹೇಳಿಬಿಡುವುದು ಸುಲಭ. ಆದರೆ ಅವು ಸೋವಿಯತ್ ಒಕ್ಕೂಟಕ್ಕೆ ಕೊಡಲೆಂದು ಕೆನಡಾದಲ್ಲಿ ಮಾಡಿದವು. ಎಷ್ಟೋ ಸೆಟ್ಟುಗಳು ರಷ್ಯಾದ ಮುಖವನ್ನೇ ನೋಡದೆ ಬ್ರಿಟಿಷ್ ಮತ್ತು ಕೆನಡಾ ಸೇನೆಗಳಲ್ಲೇ ಸವೆದವು. ಲಿಪಿ ಹೇಳುವುದು ತಯಾರಕರ ಉದ್ದೇಶವನ್ನು, ಬಳಸಿದವರ ವಿಳಾಸವನ್ನಲ್ಲ. ಬೆಂಗಳೂರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. 1943ರಲ್ಲಿ ಇಲ್ಲಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಪಡೆಯ ಕೈಗೆ ಹೋಗಿ ಅದರ ವಿಮಾನಗಳು ಇಲ್ಲೇ ರಿಪೇರಿಯಾಗುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬ್ರಿಟಿಷರು ಕೆಡಿಸಿ ಬಿಟ್ಟುಹೋದ ಬಿ-24 ಲಿಬರೇಟರ್ ಬಾಂಬರುಗಳನ್ನು ಹೇಗೋ ಹಾರುವಂತೆ ಮಾಡಿ ಬೆಂಗಳೂರಿಗೆ ತಂದು, ಇದೇ ಕಾರ್ಖಾನೆಯಲ್ಲಿ ಹೊಸದಾಗಿ ಸಜ್ಜು ಮಾಡಿ, 1948ರಿಂದ ಭಾರತೀಯ ವಾಯುಪಡೆಗೆ ಕೊಟ್ಟರು. 1968ರವರೆಗೆ ಅವು ಹಾರಿದವು, ಅವುಗಳಲ್ಲೊಂದು ಈಗ ಬ್ರಿಟನ್ನಿನ ವಾಯುಪಡೆ ಸಂಗ್ರಹಾಲಯದಲ್ಲಿದೆ. ಅಮೆರಿಕದ ಬಿ-24ಗಳ ರಿಸೀವರ್ ಬಿಸಿ-348. ಹಾಗೆಂದು ಎಸ್.ಪಿ. ರಸ್ತೆಯಲ್ಲೋ ಚಿಕ್ಕಪೇಟೆಯ ಸಂಡೆ ಬಜಾರಿನಲ್ಲೋ ಸಿಕ್ಕ ಪ್ರತಿ ಬಿಸಿ-348 ಲಿಬರೇಟರಿನ ಸಂತಾನ ಎನ್ನಲಾಗದು. ಬೆಂಗಳೂರಿಗೆ ಇಂಥ ಸೆಟ್ಟು ಬರಲು ದಾರಿಗಳು ಹಲವು. ಅದರೊಳಗೆ ಯಾರೋ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆಯ ವಾಲ್ವೊಂದನ್ನು ಹೊಂದಿಸಿಟ್ಟಿದ್ದರೆ ಇಷ್ಟು ಹೇಳಬಹುದು: ಬಿಇಎಲ್ ವಾಲ್ವು ತಯಾರಿಸತೊಡಗಿದ್ದು 1961ರಲ್ಲಿ, ಆದ್ದರಿಂದ ಆಮೇಲೆ ಈ ಸೆಟ್ಟನ್ನು ಭಾರತದ ಯಾವುದೋ ಕೈ ಮುಟ್ಟಿದೆ. ಸಂಗ್ರಹಕಾರರು ಇದನ್ನು ‘ಕಲಬೆರಕೆ’ ಎಂದು ಕಿತ್ತೆಸೆದು ಅಮೆರಿಕದ ವಾಲ್ವು ಹುಡುಕಿ ಹಾಕುವುದುಂಟು. ಸೆಟ್ಟು ನಮ್ಮ ನಾಡಿನಲ್ಲಿ ದುಡಿದದ್ದಕ್ಕೆ ಉಳಿದಿರಬಹುದಾದ ಏಕೈಕ ಪುರಾವೆಯನ್ನು ಹೀಗೆ ಕಳೆಯುವುದು ನನಗಂತೂ ದಡ್ಡತನವಾಗಿ ಕಾಣುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ, ಸೆಟ್ಟು ಹಾಡಿದರೆ ಸಾಲದೇ ಎನ್ನುವವರಿಗೆ ಉತ್ತರ ಚಿಕ್ಕದು. ಹಾಡಿಸುವುದಕ್ಕೂ ಇದೇ ಜ್ಞಾನ ಬೇಕು. 28 ವೋಲ್ಟಿನ ಡೈನಮೋಟರ್ (ವಾಲ್ವುಗಳಿಗೆ ಬೇಕಾದ ಹೆಚ್ಚು ವೋಲ್ಟನ್ನು ಹುಟ್ಟಿಸುವ ಯಂತ್ರ) ಇರುವ ಸೆಟ್ಟಿಗೆ ಮನೆಯ 230 ವೋಲ್ಟು ಕೊಟ್ಟರೆ ಹೊಗೆ ಬರುತ್ತದೆ. ಯಾರೋ ಹ್ಯಾಮ್ ಡೈನಮೋಟರ್ ಕಿತ್ತು ಟ್ರಾನ್ಸ್‌ಫಾರ್ಮರ್ ಕೂರಿಸಿದ್ದಾರೋ, ಅದು 110 ವೋಲ್ಟಿನದೋ ಎಂದು ಫಲಕ ಹೇಳುವುದಿಲ್ಲ, ಚಾಸಿಸ್ ಹೇಳುತ್ತದೆ. ಕೆಲವು ಹಳೆಯ ವಾರ್ನಿಶ್‌ಗಳಲ್ಲಿ ಪಾದರಸದ ಸಂಯುಕ್ತಗಳಿದ್ದವು, ಕೆಲವು ಮೀಟರುಗಳ ಮುಳ್ಳಿಗೆ ರೇಡಿಯಂ ಬಣ್ಣ ಬಳಿದಿದ್ದರು. ಕತ್ತಲಲ್ಲಿ ಹೊಳೆಯದಿದ್ದ ಮಾತ್ರಕ್ಕೆ ರೇಡಿಯಂ ಸತ್ತಿದೆ ಎಂದರ್ಥವಲ್ಲ, ಹೊಳಪಿನ ಪುಡಿ ಸವೆದಿದೆ ಅಷ್ಟೆ.

ಅಜ್ಜನೋ ದೊಡ್ಡಪ್ಪನೋ ತಂದಿಟ್ಟ ಇಂಥದೊಂದು ಪೆಟ್ಟಿಗೆ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಫಲಕವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರಗಳ ಬಣ್ಣ ಹೋದರೆ ಮತ್ತೆ ಬಾರದು. ಪ್ಲಗ್ ಚುಚ್ಚುವ ಮೊದಲು ಮುಚ್ಚಳ ಬಿಚ್ಚಿ, ಒಳಗಿನ ಮುದ್ರೆ, ಅಂಕಿ, ಬೆಸುಗೆ ಎಲ್ಲ ಕಾಣುವಂತೆ ಫೋಟೊ ತೆಗೆದಿಡಿ. ವಾರ್ನಿಶ್, ಮೀಟರು ಕೆರೆಯಬೇಡಿ. ತೆಗೆದ ಹಳೆಯ ಬಿಡಿಭಾಗಗಳನ್ನು, ಕೆಟ್ಟಿದ್ದರೂ ಸರಿ, ಒಂದು ಡಬ್ಬಿಗೆ ಹಾಕಿ ಸೆಟ್ಟಿನ ಜೊತೆಗೇ ಇಡಿ.