ಸಂಜೆಯ ಶೇಂದಿ, ಬೆಳಗಿನ ಬೂತಾಯಿ

ಕಂಬದೂರಿನವರಿಗೆ ನೀರೆಂದರೆ ಲೆಕ್ಕದ ವಸ್ತು. ನೊಳಂಬರ ಕಾಲದ ಮಲ್ಲಿಕಾರ್ಜುನ ಗುಡಿ, ಶೇಂಗಾ ಹೊಲ, ಒಣಗಿದ ಹಳ್ಳದ ದಂಡೆಯಲ್ಲಿ ಈಚಲು ಮರ. ನಮ್ಮ ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರ್ ಆಸುಪಾಸು. ಅಂಥವರು ಅದರ ಏಳು ಪಟ್ಟು ಮಳೆ ಹೊಯ್ಯುವ ಉಡುಪಿಗೆ, ಅಲ್ಲಿಂದ ಮಲ್ಪೆ ಕಡಲಿಗೆ ಇಳಿದರೆ ಮೊದಲು ಬಾಯಿ ಕಟ್ಟುತ್ತದೆ, ಆಮೇಲೆ ಬಾಯಲ್ಲಿ ನೀರೂರುತ್ತದೆ!

ಮೊದಲು ಶೇಂದಿ. ತೆಂಗಿನ ಮರದ ನೆತ್ತಿಯಲ್ಲಿ ಇನ್ನೂ ಬಿರಿಯದ ಹೊಂಬಾಳೆಯನ್ನು ಮೂರ್ತೆದಾರ ಬಿಗಿಯಾಗಿ ಕಟ್ಟುತ್ತಾನೆ, ದಿನಗಟ್ಟಲೆ ಮೆಲ್ಲಗೆ ಬಡಿದು ಹದಗೊಳಿಸುತ್ತಾನೆ, ತುದಿಯನ್ನು ಎಲೆಯಷ್ಟು ತೆಳ್ಳಗೆ ಕೆತ್ತುತ್ತಾನೆ. ಹನಿ ಹನಿಯಾಗಿ ಮಡಕೆಗೆ ಬೀಳುವ ರಸ ಅಪ್ಪಟ ಸಿಹಿ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಅದು ಹುಳಿಯೇರದೆ ನೀರಾ ಆಗಿ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ? ಗಾಳಿಯಲ್ಲಿ, ಮಡಕೆಯಲ್ಲಿ ಮೊದಲೇ ಕಾದಿರುವ ಯೀಸ್ಟ್ ಕೆಲಸಕ್ಕೆ ಇಳಿಯುತ್ತದೆ, ಬೆಳಿಗ್ಗೆ ಇಳಿಸಿದ್ದು ಸಂಜೆಗೆ ನೊರೆಯೆದ್ದು ಚುರುಕಾಗುತ್ತದೆ, ಇನ್ನೊಂದೆರಡು ದಿನ ಬಿಟ್ಟರೆ ವಿನೆಗರ್! ಯಾರೂ ಏನೂ ಬೆರೆಸಿಲ್ಲ. ಬೆಳಿಗ್ಗೆ ಕುಡಿದವನೂ ಸಂಜೆ ಕುಡಿದವನೂ ಒಂದೇ ಮರದ ಬೇರೆ ಬೇರೆ ಪಾನೀಯ ಕುಡಿದಿರುತ್ತಾರೆ.

ಜಪಾನಿನ ಕಡಲೂರುಗಳಲ್ಲಿ ಹಸಿ ಮೀನಿನ ಜೊತೆ ಸಾಕೆ ಹೀರುತ್ತಾರಲ್ಲ, ಅದರ ದಾರಿ ಪೂರ್ತಿ ಬೇರೆ. ಅಕ್ಕಿಯಲ್ಲಿರುವುದು ಪಿಷ್ಟ, ಯೀಸ್ಟ್‌ಗೆ ಅದನ್ನು ನೇರವಾಗಿ ತಿನ್ನಲಾಗದು. ಆದ್ದರಿಂದ ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಎಂಬ ಬೂಸ್ಟು ಬೆಳೆಸಿ ಪಿಷ್ಟವನ್ನು ಸಕ್ಕರೆ ಮಾಡಿಸಬೇಕು, ವಾರಗಟ್ಟಲೆ ತಣ್ಣಗೆ ಹುದುಗಿಸಬೇಕು. ಕೊನೆಗೆ ಶೇಕಡಾ 15ರಷ್ಟು ಮದ್ಯಸಾರ ಹೊತ್ತ ಸಾಕೆ ಬಾಟಲಿ ಹೊಕ್ಕು ಹಡಗು ಹತ್ತಿ ಜಗತ್ತನ್ನೆಲ್ಲ ಸುತ್ತುತ್ತದೆ. ಶೇಂದಿಯಲ್ಲಿ ಇರುವುದು ಅದರ ಮೂರನೆಯ ಒಂದು ಪಾಲಿನಷ್ಟು ಅಮಲು, ಅದಕ್ಕೆ ತಾಲ್ಲೂಕಿನ ಗಡಿ ದಾಟುವಷ್ಟೂ ಪುರುಸೊತ್ತಿಲ್ಲ. ಕುಡಿಯಬೇಕಾದರೆ ನಾವೇ ಅದರ ಹತ್ತಿರ ಹೋಗಬೇಕು, ಅದೂ ಗಡಿಯಾರ ನೋಡಿಕೊಂಡು. ಈ ಕರಾವಳಿಯ ಸುಖಗಳೆಲ್ಲ ಹೀಗೇ, ಗಂಟೆಗಳ ಲೆಕ್ಕದವು.

ಗಡಂಗಿನ ಬೆಂಚಿನ ಮೇಲೆ ಗ್ಲಾಸಿನ ಪಕ್ಕಕ್ಕೆ ಬಂಗುಡೆ ಪುಳಿಮುಂಚಿ ಬಂದು ಕೂರಬೇಕು. ಬ್ಯಾಡಗಿ ಮೆಣಸಿನ ಕೆಂಪು, ಹುಣಸೆಯ ಹುಳಿ, ಅದರ ಮೇಲೆ ಮಂಜಾದ ಹುಳಿಸಿಹಿ ಶೇಂದಿಯ ಗುಟುಕು! ರವೆ ಮೆತ್ತಿ ಕಾಯಿಸಿದ ಕಾಣೆ, ಅಳಿವೆಯ ಮರಳಿನಿಂದ ಹೆಕ್ಕಿದ ಮರುವಾಯಿ ಹಾಕಿದ ಪುಂಡಿ, ನೀರುದೋಸೆಯ ಜೊತೆ ಮೀನಿನ ಗಸಿ. ಮಂಗಳೂರಿನ ಕೊಂಕಣಿ ಕ್ರೈಸ್ತರ ಅಡುಗೆಮನೆಯಲ್ಲಂತೂ ಶೇಂದಿ ಹಿಟ್ಟಿಗೇ ಇಳಿಯುತ್ತದೆ: ಅದರಿಂದಲೇ ಉಬ್ಬಿದ ಸನ್ನ ನಮ್ಮ ಇಡ್ಲಿಯನ್ನು ನಾಚಿಸುವಷ್ಟು ಮೆತ್ತಗೆ. ಬೂತಾಯಿ ಕಥೆ ಕೇಳಿ ದಂಗಾದೆ. ಬಲೆ ತುಂಬಿ ತುಳುಕಿದ ಕಾಲದಲ್ಲಿ ತಿಂದು ಮುಗಿಯದ ಬೂತಾಯಿಯನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಅಂದರೆ ಕಡಲಿನ ಮೀನು ಮರ ಹತ್ತಿ, ಶೇಂದಿಯಾಗಿ ಇಳಿದು, ಮತ್ತೆ ಮೀನಿನ ಪಕ್ಕವೇ ಬಂದು ಕೂತ ಹಾಗಾಯಿತು!

ಇಲ್ಲಿಗೆ ರಾತ್ರಿ ಮುಗಿಯಿತೆಂದುಕೊಂಡರೆ, ದೂರದ ಗದ್ದೆಯಿಂದ ಯಕ್ಷಗಾನದ ಚಂಡೆ! ಬಾರು, ಡಿಜೆಗಳೂ ಇವೆ, ಅವು ಎಲ್ಲೂ ಇವೆ. ಆದರೆ ಕೊಯ್ಲಾದ ಗದ್ದೆಯಲ್ಲಿ ದೀಪ ಕಟ್ಟಿ, ಯಾರೋ ಹೊತ್ತ ಹರಕೆಗಾಗಿ ಊರಿಗೆಲ್ಲ ಬಿಟ್ಟಿ ಆಟ ಆಡಿಸುವುದು ಬೇರೆಲ್ಲಿದೆ? ಮಂದಾರ್ತಿ, ಕಟೀಲು ಮೇಳಗಳ ಹರಕೆಯಾಟಕ್ಕೆ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯುವವರಿದ್ದಾರೆ. ಬಣ್ಣ ಹಚ್ಚುವ ಚೌಕಿಯೊಳಗೆ ಇಣುಕಿ ನೋಡಿ: ಕಲಾವಿದ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ, ರಕ್ಕಸನಾಗುವವನು ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಚುಕ್ಕಿಯಾಗಿ ಇಡುತ್ತಾನೆ. ಈಗ ಬಹಳ ಕಡೆ ಕಾಲಮಿತಿಯ ಆಟ, ಮಧ್ಯರಾತ್ರಿಗೇ ಮಂಗಳ. ನನ್ನನ್ನು ಕೇಳಿದರೆ ಬೆಳಗಿನವರೆಗಿನದನ್ನೇ ಹುಡುಕಿ. ಮೂರು ಗಂಟೆಗೆ ಕಣ್ಣು ಎಳೆಯುವಾಗ ಬಣ್ಣದ ವೇಷ ಅಬ್ಬರಿಸಿ ಒಳನುಗ್ಗಿದರೆ ಮಲಗಿದ್ದ ಮಕ್ಕಳೆಲ್ಲ ಚಾಪೆಯಿಂದ ಎದ್ದು ಕೂರುತ್ತಾರೆ. ಗದ್ದೆಯಂಚಿನಲ್ಲಿ ಹುರಿದ ನೆಲಗಡಲೆ ಮಾರುತ್ತಿದ್ದರು. ನಮ್ಮ ಸೀಮೆಯದ್ದೇ ಇರಬಹುದೆಂದು ಸುಮ್ಮನೆ ಬೀಗಿದೆ.

ಅಲ್ಲಿಂದ ಮಲಗಲು ಹೋಗಬೇಡಿ, ಮಲ್ಪೆ ಬಂದರಿಗೆ ಹೋಗಿ. ಆಳಕಡಲಿನಲ್ಲಿ ಹತ್ತು ದಿನದಷ್ಟು ಕಳೆದ ಬೋಟುಗಳು ಮಂಜುಗಡ್ಡೆಯಡಿ ಮೀನು ತುಂಬಿಕೊಂಡು ಬಂದು ಒತ್ತೊತ್ತಾಗಿ ನಿಂತಿರುತ್ತವೆ. ಬುಟ್ಟಿ ಸುರಿಯುತ್ತಲೇ ಕೂಗು ಏರುತ್ತದೆ, ದರ ಹಾರುತ್ತದೆ, ನಾವು ಮೀನಿನ ಹೆಸರು ಕೇಳುವಷ್ಟರಲ್ಲಿ ಅದು ಮಾರಾಟವಾಗಿರುತ್ತದೆ! ಮೊಗವೀರ ಹೆಂಗಸರ ಕಣ್ಣಿನ ಮುಂದೆ ಯಾವ ತಕ್ಕಡಿಯೂ ನಿಲ್ಲದು. ಕಿವಿರು ಎತ್ತಿ ಕೆಂಪು ನೋಡುತ್ತಾರೆ, ಬೆರಳೊತ್ತಿ ಮಾಂಸ ನೋಡುತ್ತಾರೆ, ಮುಗಿಯಿತು. ಬಿಸಿಲೇರುವ ಮೊದಲೇ ಆ ಬುಟ್ಟಿಗಳು ಊರೂರಿನ ಹಾದಿ ಹಿಡಿದಿರುತ್ತವೆ.

ವರ್ಷದ ಗಡಿಯಾರವೂ ಹೀಗೇ ಕೂಡಿಬಂದಿದೆ. ಮೇ 24ರ ಆಸುಪಾಸು ಪತ್ತನಾಜೆ, ತುಳುನಾಡಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳೂ ನಿಲ್ಲುತ್ತವೆ. ಅದಾದ ವಾರಕ್ಕೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಆ ಜಡಿಮಳೆಯಲ್ಲಿ ಕಡಲಿಗಿಳಿಯುವವರು ನಾಡದೋಣಿಯವರು ಮಾತ್ರ. ಹಾಗಾಗಿ ದೀಪಾವಳಿ ಕಳೆಯಲಿ, ಮೇಳಗಳು ತಿರುಗಾಟಕ್ಕೆ ಹೊರಡಲಿ. ಡಿಸೆಂಬರಿನ ಯಾವುದಾದರೊಂದು ಶನಿವಾರ ಹೋಗಿ, ಮಧ್ಯಾಹ್ನವೇ ಗಡದ್ದಾಗಿ ನಿದ್ದೆ ಮಾಡಿಕೊಳ್ಳಿ, ಶೇಂದಿ ಇಳಿಸುವ ಹೊತ್ತು ಯಾವುದೆಂದು ಊರವರನ್ನು ಕೇಳಿಟ್ಟುಕೊಳ್ಳಿ.