ಕೋಟೆಗುಡ್ಡದಿಂದ ನಿಟ್ಟೂರಿಗೆ

ಬಳ್ಳಾರಿ ಕೋಟೆಗುಡ್ಡ ಹತ್ತುವವರು ಎಂಟು ಗಂಟೆಯೊಳಗೆ ಹತ್ತಿ ಇಳಿದುಬಿಡಬೇಕು. ಮಾರ್ಚ್ ತಿಂಗಳಲ್ಲಿ ಆಮೇಲೆ ಬಂಡೆ ಕಾಯತೊಡಗಿ, ಬಿಸಿ ಚಪ್ಪಲಿಯನ್ನೂ ದಾಟಿ ಅಂಗಾಲಿಗೆ ತಾಗುತ್ತದೆ. ಗೆಳತಿ ಸಿರುಗುಪ್ಪದವಳು, ನಾನು ಕೌಲ್‌ಬಜಾರಿನವಳು. ಅಥೆನ್ಸ್, ರೋಮ್, ಅಲೆಕ್ಸಾಂಡ್ರಿಯಾಗಳ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದ ಇತಿಹಾಸದ ವಿದ್ಯಾರ್ಥಿನಿಯರು. ಕುರುಗೋಡಿನ ಬಗ್ಗೆ ಒಂದು ಪುಟ ಬರೆಯಿರಿ ಅಂದಿದ್ದರೆ ಇಬ್ಬರೂ ಪೆನ್ನು ಕಚ್ಚುತ್ತ ಕೂರುತ್ತಿದ್ದೆವು.

ಗುಡ್ಡ ಅಂದರೆ ಬೇರೇನಲ್ಲ, ಬರೀ ಬಂಡೆ. ಒಂದರ ಮೇಲೊಂದು ಒರಗಿದ ಗುಂಡುಗಳ ಸಂದಿಯಲ್ಲಿ ಮೆಟ್ಟಿಲು ಕಡಿದಿದ್ದಾರೆ, ಮೆಟ್ಟಿಲು ಸಾಲದ ಕಡೆ ಬಂಡೆಯೇ ನೆಲ, ಬಂಡೆಯೇ ಗೋಡೆ. ಮೇಲಿನ ಕೋಟೆ ಹಂಡೆ ಹನುಮಪ್ಪ ನಾಯಕ ಕಟ್ಟಿಸಿದ್ದು, ವಿಜಯನಗರದ ಕಾಲದ್ದು. ಕೆಳಗಿನದು ಹೈದರಾಲಿಯದು. ಅದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದ ಕತೆ ಬಳ್ಳಾರಿಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ, ಅಲ್ಲಿ ತೋಪು ಇಟ್ಟರೆ ಕೋಟೆ ಉಳಿಯುವುದಿಲ್ಲ, ಇದು ಕಟ್ಟಿ ಮುಗಿದ ಮೇಲೆ ನವಾಬನ ಕಣ್ಣಿಗೆ ಬಿತ್ತಂತೆ. ನನಗಂತೂ ಈ ಕತೆಯ ಮೇಲೆ ನಂಬಿಕೆಯಿಲ್ಲ. ಕುಂಬಾರ ಗುಡ್ಡ ಕಾಣಬೇಕಾದರೆ ಎಂಜಿನಿಯರಿಂಗ್ ಓದಬೇಕಿಲ್ಲ, ಕೋಟೆ ಬಾಗಿಲಿಂದ ಕತ್ತು ತಿರುಗಿಸಿದರೆ ಸಾಕು.

ತುದಿಯಲ್ಲಿ ಬಂಡೆಯ ಹೊಂಡಗಳಲ್ಲಿ ಮಳೆ ನೀರು ಹಿಡಿದಿಡುತ್ತಿದ್ದ ಜಾಗಗಳಿವೆ. ಮುತ್ತಿಗೆ ಬಿದ್ದಾಗ ಸೈನಿಕರ ಜೀವ ಉಳಿಸಿದ್ದು ಗೋಡೆಗಿಂತ ಹೆಚ್ಚಾಗಿ ಈ ನೀರೇ ಇರಬೇಕು. ಅಲ್ಲಿಂದ ಊರಾಚೆ ಸಂಗನಕಲ್ಲಿನ ಗುಡ್ಡಗಳು ಕಾಣುತ್ತವೆ. ಮೂರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ಕಲ್ಲಿನ ಕೊಡಲಿ ತಯಾರಾಗುತ್ತಿತ್ತು. ಒಬ್ಬರಿಬ್ಬರು ಬಿಡುವಾದಾಗ ಕುಟ್ಟಿದ್ದಲ್ಲ, ಕಾರ್ಖಾನೆ ಅನ್ನುವಷ್ಟು ದೊಡ್ಡ ಕೆಲಸ. ಪಕ್ಕದ ಕುಪ್ಪಗಲ್ಲಿನ ಕಪ್ಪು ಬಂಡೆಗಳ ಮೇಲೆ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಗುಂಡುಗಳಿಗೆ ಕಲ್ಲಿಂದ ಬಡಿದರೆ ಗಂಟೆಯ ದನಿ ಬರುತ್ತದೆ. ಆ ಕಾಲದವರು ದನ ಕಾಯುತ್ತಿದ್ದರು, ಕೊಡಲಿ ಮಸೆಯುತ್ತಿದ್ದರು, ಬಂಡೆ ಬಾರಿಸುತ್ತಲೂ ಇದ್ದರು. ಗ್ರಾನೈಟ್ ಕ್ವಾರಿಗಳು ಆ ಗುಡ್ಡಗಳನ್ನು ಕೊರೆಯತೊಡಗಿದ ಮೇಲೆ ಬಂಡೆಯ ದನಿಗಿಂತ ಸಿಡಿಮದ್ದಿನ ದನಿಯೇ ಜೋರಾಯಿತು. ಅಲ್ಲಿ ಸಿಕ್ಕ ಸಾಮಾನುಗಳು ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿವೆ. ಹಂಪಿಗೆ ಹೋಗುವವರು ಬಳ್ಳಾರಿಯಲ್ಲಿ ಒಂದು ತಾಸು ಇಳಿದರೂ ಸಾಕು, ನೋಡಿ ಹೋಗಬಹುದು. ಇಳಿಯುವವರು ಕಡಿಮೆ.

ಗುಡ್ಡ ಇಳಿದು ಒಗ್ಗರಣೆ ಮಿರ್ಚಿ ತಿಂದು ಕುರುಗೋಡಿನ ಬಸ್ಸು ಹತ್ತಿದೆವು. ಹೆಂಗಸರಿಗೆಲ್ಲ ಶೂನ್ಯ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ನಮ್ಮ ಕ್ಯಾಮೆರಾ ನೋಡಿ, "ಜಾತ್ರಿ ಮುಗದೈತ್ರೀ ಅಕ್ಕಾರ, ಈಗ ಏನ್ ನೋಡಾಕ್ ಹೊಂಟೀರಿ?" ಅಂದ. ಹೋಳಿ ಹುಣ್ಣಿಮೆಯ ಹೊತ್ತಿಗೆ ದೊಡ್ಡಬಸವೇಶ್ವರನ ತೇರು ಎಳೆಯುತ್ತಾರೆ. ಆ ಹೊತ್ತು ಬಿಟ್ಟು ಕುರುಗೋಡಿಗೆ ಹೊರಗಿನವರು ಬರುವುದು ಅಪರೂಪ ಅಂತ ಅವನ ಲೆಕ್ಕ.

ಬೇರೆ ಶಿವಾಲಯಗಳಲ್ಲಿ ಲಿಂಗದ ಎದುರು ಕಾದು ಕೂರುವ ನಂದಿ ಇಲ್ಲಿ ತಾನೇ ಗರ್ಭಗುಡಿಯ ಯಜಮಾನ. ಸುಮಾರು 12 ಅಡಿ ಎತ್ತರದ ಏಕಶಿಲೆ. ಒಳಗೆ ಕಾಲಿಟ್ಟವರಿಗೆ ಮೊದಲು ಎದೆಯೇ ಕಾಣುವುದು, ಮುಖ ನೋಡಲು ಕತ್ತೆತ್ತಬೇಕು. ಎಣ್ಣೆ, ವಿಭೂತಿ, ಹೂವಿನ ವಾಸನೆ ಕಲ್ಲಿಗೇ ಹತ್ತಿಬಿಟ್ಟಿದೆ. ನಮ್ಮ ಸೀಮೆಯ ಯಾವ ಶಾಲೆಯ ಹಾಜರಿ ಪುಸ್ತಕ ತೆರೆದರೂ ಒಬ್ಬ ದೊಡ್ಡಬಸಪ್ಪನೋ ಒಬ್ಬಳು ದೊಡ್ಡಬಸಮ್ಮನೋ ಸಿಗುತ್ತಾರೆ, ಅವರೆಲ್ಲರ ಹೆಸರಿನ ಮೂಲ ಈತ. ಹತ್ತಿರದಲ್ಲೇ ನೀಲಮ್ಮನ ಮಠ. ಈ ದೊಡ್ಡಬಸವಣ್ಣನ ಸೇವೆಯಲ್ಲೇ ಬದುಕು ಸವೆಸಿದಳೆಂದು ಊರವರು ನಡೆದುಕೊಳ್ಳುವ ತಾಯಿ ಆಕೆ.

ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ರಾಜಧಾನಿ. ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಸಿಂದ ಅರಸರು ಇಲ್ಲಿಂದ ಬಲ್ಲಕುಂದೆ ನಾಡನ್ನು ಆಳಿದರು. ಗುಡ್ಡದ ಬುಡದಲ್ಲಿ ಆ ಕಾಲದ ಸಣ್ಣ ಗುಡಿಗಳು ಹರಡಿಕೊಂಡಿವೆ. ಕಂಬಕ್ಕೊರಗಿ ಕುರಿ ಕಾಯುವ ಹುಡುಗ ಮೊಬೈಲು ನೋಡುತ್ತಿದ್ದ. ಟಿಕೆಟ್ಟಿಲ್ಲ, ಗೈಡಿಲ್ಲ. ಹಳೆಯ ಪಟ್ಟಣವೆಂದರೆ ಹಗ್ಗ ಕಟ್ಟಿ ದೂರ ನಿಲ್ಲಿಸುವ ಜಾಗ ಅಂದುಕೊಂಡಿದ್ದ ನನಗೆ, ರಾಜಧಾನಿಯ ಜಗುಲಿಯಲ್ಲಿ ಕೂತು ನೀರು ಕುಡಿದದ್ದು ಹಿಡಿಸಿತು. ಗುಡಿಗಳಿಗೆ ಇದು ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಮಾತು.

ಸಿರುಗುಪ್ಪದ ಕಡೆ ತಿರುಗಿದರೆ ನೆಲದ ಬಣ್ಣವೇ ಬೇರೆ. ಕಾಲುವೆ ನೀರು, ಎರಡನೇ ಬೆಳೆಯ ಭತ್ತ, ಅಕ್ಕಿ ಗಿರಣಿಯ ಹೊಗೆಕೊಳವೆ. ತುಂಗಭದ್ರಾ ಅಣೆಕಟ್ಟು ಬರುವುದಕ್ಕೂ ನಾಲ್ಕೈದು ಶತಮಾನ ಮೊದಲೇ, ವಿಜಯನಗರದ ಕಾಲದಲ್ಲಿ, ಸಿರುಗುಪ್ಪಕ್ಕೂ ದೇಶನೂರಿಗೂ ಹೊಳೆಯಿಂದ ಕಾಲುವೆ ತಂದಿದ್ದರು. ಗೆಳತಿಗೆ ಇದು ಪಾಠವಲ್ಲ, ಮನೆ ಮಾತು: "ನಮ್ಮಪ್ಪ ಇವತ್ತೂ ರಾಯರ ಕಾಲುವಿ ಅಂತಾನ." ತೆಕ್ಕಲಕೋಟೆಯ ಬಂಡೆ ಗುಡ್ಡಗಳು ಬಸ್ಸಿನ ಕಿಟಕಿಯಲ್ಲೇ ಹಾದುಹೋದವು. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆದಾಗ ನವಶಿಲಾಯುಗದವರ ಮನೆಯ ನೆಲ, ಗೋರಿ, ಚಿನ್ನದ ಒಡವೆ ಸಿಕ್ಕವು. ಕಲ್ಲಿನ ಕೊಡಲಿ ಹಿಡಿದವರ ಕಿವಿಯಲ್ಲೂ ಚಿನ್ನ!

ಕೊನೆಗೆ ಟಂಟಂ ಹಿಡಿದು ಹೊಳೆಯ ದಂಡೆಯ ನಿಟ್ಟೂರಿಗೆ. ಇಲ್ಲಿನ ಬಂಡೆ ಶಾಸನ ಬೆಳಕಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ, ಇದೇ ತಾಲ್ಲೂಕಿನ ಉಡೇಗೋಳದ ಶಾಸನವೂ ಅದೇ ಹೊತ್ತಿಗೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಹೆಚ್ಚಿನ ಕಡೆ ದೇವಾನಾಂಪ್ರಿಯ ಅಂತಷ್ಟೇ ಕರೆದುಕೊಂಡ ದೊರೆ ಮಸ್ಕಿಯಲ್ಲಿ, ಈ ಎರಡು ಊರುಗಳಲ್ಲಿ, ಮಧ್ಯಪ್ರದೇಶದ ಗುಜರ್ರಾದಲ್ಲಿ ಮಾತ್ರ ಅಶೋಕ ಎಂಬ ಹೆಸರು ಬರೆಸಿದ್ದಾನೆ. ಇದೇ ಅಶೋಕ ಇನ್ನೊಂದು ಶಾಸನದಲ್ಲಿ ತುರಮಾಯನನ್ನು ನೆನೆಯುತ್ತಾನೆ, ಅಂದರೆ ಈಜಿಪ್ಟಿನ ದೊರೆ ಟಾಲೆಮಿಯನ್ನು. ಆ ಟಾಲೆಮಿ ಆಳಿದ್ದು ಅಲೆಕ್ಸಾಂಡ್ರಿಯಾದಿಂದ. ನಾವು ಪುಟಗಟ್ಟಲೆ ಬರೆದಿದ್ದ ಊರಿನ ದೊರೆಗೂ ಭತ್ತದ ಗದ್ದೆಗಳ ನಡುವಿನ ಈ ಬಂಡೆಗೂ ನಡುವೆ ಒಬ್ಬನೇ ಮನುಷ್ಯ.

ಮೊಮ್ಮಗನ ಕೈ ಹಿಡಿದು ಬಂದ ಅಜ್ಜಿ ನಮ್ಮನ್ನು ನೋಡಿ ನಿಂತಳು. "ಏನ್ ಬರದಾರ ಯವ್ವಾ ಅದರಾಗ?"

"ತಾಯಿ ತಂದಿ ಮಾತು ಕೇಳ್ಬೇಕು, ಹಿರಿಯರಿಗೆ ಗೌರವ ಕೊಡ್ಬೇಕು, ಖರೇ ಹೇಳ್ಬೇಕು ಅಂತ ಬರಸ್ಯಾನಜ್ಜಿ, ರಾಜ."

ಅಜ್ಜಿ ಮೊಮ್ಮಗನ ತಲೆಗೆ ಮೆಲ್ಲಗೆ ಮೊಟಕಿದಳು. "ಇದನ್ನ ನಾ ದಿನಾ ಹೇಳ್ತೀನಿ. ಇಂವ ಕೇಳಬೇಕಲ್ಲ!"